ತುತ್ತು ಬಾಯಿಗೆ ಬಂತೇ?

ತುಂಡಾದ ನರವನ್ನು ಶಸ್ತ್ರವೈದ್ಯರು ಹೊಲಿದು ಜೋಡಿಸಬಲ್ಲರು, ಬೆಳೆಸಲಾರರು. ಅದು ತಾನಾಗಿಯೇ ಬೆಳೆಯಬೇಕು, ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ತೋಳಿನ ನಡುವಿನಿಂದ ಬೆರಳ ತುದಿಗೆ ಅರ್ಧ ಮೀಟರಿಗೂ ಹೆಚ್ಚು ದೂರ. ಅಂದರೆ 500ಕ್ಕೂ ಹೆಚ್ಚು ದಿನ.

ಕೊಚ್ಚಿಗೆ ಈ ಲೆಕ್ಕ ಹೊಸದಲ್ಲ. ದೇಶದ ಮೊದಲ ಜೋಡಿ ಕೈ ಕಸಿ 2015ರ ಜನವರಿಯಲ್ಲಿ ಅಲ್ಲಿನ ಅಮೃತಾ ಆಸ್ಪತ್ರೆಯಲ್ಲಿ ಡಾ. ಸುಬ್ರಮಣಿಯ ಅಯ್ಯರ್ ಅವರ ತಂಡದಿಂದ ನಡೆಯಿತು. ಮಣಿಪಾಲದಲ್ಲಿ ಓದುತ್ತಿದ್ದ ಪುಣೆಯ ವಿದ್ಯಾರ್ಥಿನಿಯೊಬ್ಬರು 2016ರಲ್ಲಿ ಬಸ್ ಅಪಘಾತದಲ್ಲಿ ಎರಡೂ ಕೈ ಕಳೆದುಕೊಂಡಾಗ, ಮರುವರ್ಷ ಅವರಿಗೆ ತೋಳಿನ ಮಟ್ಟದಲ್ಲಿ ಕಸಿ ಆದದ್ದೂ ಅಲ್ಲೇ. ಶಸ್ತ್ರಚಿಕಿತ್ಸೆಗೆ 13 ಗಂಟೆ ಹಿಡಿಯಿತು. ಪತ್ರಿಕೆಗಳು ಬರೆದದ್ದು ಆ 13 ಗಂಟೆಗಳ ಬಗ್ಗೆ. ಕೈ ಕೈಯಾಗುವುದು ಮಾತ್ರ ಆಮೇಲಿನ ನೂರಾರು ದಿನಗಳಲ್ಲಿ.

ಕಸಿ ಅಪರೂಪ. ಬೈಕಿನಿಂದ ಬಿದ್ದು, ಕುತ್ತಿಗೆಯಿಂದ ತೋಳಿಗಿಳಿಯುವ ನರಗಳ ಗೊಂಚಲು ಜಗ್ಗಿ ಹರಿದು, ಕೈ ಜೋತುಬಿದ್ದವರು ಎಲ್ಲ ಊರಲ್ಲೂ ಇದ್ದಾರೆ. ನರದ ಸಂಪರ್ಕವಿಲ್ಲದೆ ಒಂದು, ಒಂದೂವರೆ ವರ್ಷ ಕಳೆದರೆ ಸ್ನಾಯು ಮರಳಿ ಬಾರದಷ್ಟು ಸೊರಗುತ್ತದೆ. ಅದಕ್ಕೇ ವೈದ್ಯರು ಮೊದಲ ಆರು ತಿಂಗಳೊಳಗೆ ಬನ್ನಿ ಎನ್ನುತ್ತಾರೆ. ಎಲ್ಲವನ್ನೂ ಉಳಿಸಲಾಗದಿದ್ದರೆ ಮೊದಲ ಆದ್ಯತೆ ಮೊಣಕೈ ಮಡಚುವುದಕ್ಕೆ. ಫ್ರಾನ್ಸಿನ ಒಬರ್ಲಿನ್ 1994ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಅಂಗೈಗೆ ಹೋಗುವ ನರವೊಂದರ ಕೆಲವೇ ಎಳೆಗಳನ್ನು ತೋಳಿನ ಮುಂಭಾಗದ ಸ್ನಾಯುವಿನ ನರಕ್ಕೆ ತಿರುಗಿಸುತ್ತಾರೆ. ದೂರ ಕಡಿಮೆ, ಹಾಗಾಗಿ ಕಾಯುವಿಕೆಯೂ ಕಡಿಮೆ. ಮೊಣಕೈಗೆ ಯಾಕಿಷ್ಟು ಮಹತ್ವ? ಕೈ ಬಾಯಿಗೆ ತಲುಪುವುದು ಅದರಿಂದ.

ಹಾಗಿದ್ದ ಮೇಲೆ ಅಳೆಯಬೇಕಾದದ್ದೂ ಅದನ್ನೇ ಅಲ್ಲವೇ? ಚಿಕಿತ್ಸಾಲಯದ ಸಾಮಾನ್ಯ ಅಳತೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಸೊನ್ನೆಯಿಂದ ಐದರವರೆಗಿನ ಶ್ರೇಣಿ. ಭೂಮಿಯ ಸೆಳೆತಕ್ಕೆ ಎದುರಾಗಿ ಮೊಣಕೈ ಮಡಚಿದರೆ ಮೂರು. ಬರಿಗೈ ಮೇಲೇರಿದರೆ ಸಾಕು, ಮೂರು ಸಿಗುತ್ತದೆ. ಆ ಕೈಯಲ್ಲಿ ಒಂದು ಲೋಟ ನೀರಿದ್ದರೆ ಏನಾಗುತ್ತದೆಂದು ಆ ಅಂಕಿ ಹೇಳುವುದಿಲ್ಲ.

ಮಾತಿನ ತೊಡಕೂ ಇದೆ. ಕನ್ನಡದ 'ಕೈ' ಭುಜದಿಂದ ಬೆರಳಿನವರೆಗೆ ಯಾವುದೂ ಆಗಬಹುದು. 'ಕೈ ಎತ್ತಿ' ಎಂದರೆ ರೋಗಿ ಹೆಗಲು ಕುಣಿಸಿ, ಮೈ ವಾಲಿಸಿ, ಹೇಗೋ ಎತ್ತಿ ತೋರಿಸುತ್ತಾನೆ. ದೇಹ ದಾರಿ ಹುಡುಕಿಕೊಂಡಿತು, ನರ ಮಾತ್ರ ಇದ್ದಲ್ಲೇ ಇದೆ. ಕೋನವನ್ನಷ್ಟೇ ಓದಿದವರಿಗೆ ಅದೇ ಚೇತರಿಕೆಯಾಗಿ ಕಾಣುತ್ತದೆ.

ಜಗತ್ತಿನಾದ್ಯಂತ ಬಳಕೆಯಲ್ಲಿರುವ 'ಡ್ಯಾಶ್' ಎಂಬ 30 ಪ್ರಶ್ನೆಗಳ ಪಟ್ಟಿ ದಿನನಿತ್ಯದ ಕೆಲಸವನ್ನೇ ಕೇಳುತ್ತದೆ. ಆದರೆ ಯಾರ ದಿನ? ಬಿಗಿ ಮುಚ್ಚಳದ ಜಾಡಿ ತೆರೆಯಬಲ್ಲಿರಾ, ತಲೆಯಿಂದ ತೊಡುವ ಸ್ವೆಟರ್ ಹಾಕಿಕೊಳ್ಳಬಲ್ಲಿರಾ, ಚಾಕುವಿನಿಂದ ಆಹಾರ ಕತ್ತರಿಸಬಲ್ಲಿರಾ ಎಂದು ಅದು ವಿಚಾರಿಸುತ್ತದೆ. ಅನ್ನ ಕಲಸಬಲ್ಲಿರಾ, ಚೊಂಬಿನಿಂದ ನೀರು ಹೊಯ್ದುಕೊಳ್ಳಬಲ್ಲಿರಾ, ಸೀರೆಯ ನೆರಿಗೆ ಹಿಡಿಯಬಲ್ಲಿರಾ ಎಂದು ಕೇಳುವುದಿಲ್ಲ. ಪ್ರಶ್ನೆ ಬದಲಿಸಿದರೆ ದೇಶದೇಶಗಳ ಹೋಲಿಕೆ ಕೆಡುತ್ತದೆಂಬ ಆಕ್ಷೇಪ ಸರಿಯೇ. ಆದರೆ ಪದ ಅನುವಾದವಾಗಿ ಕೆಲಸ ಅನುವಾದವಾಗದಿದ್ದರೆ ಆ ಹೋಲಿಕೆ ಆಗಲೇ ಕೆಟ್ಟಿದೆ. ಸ್ಥಳೀಯ ಬದುಕಿಗೆ ಹೊಂದಿಸಿ ಮತ್ತೆ ಪರೀಕ್ಷಿಸುವ ಒಪ್ಪಿತ ಕ್ರಮಗಳು ಇವೆ. ಅವನ್ನು ಪೂರ್ತಿಯಾಗಿ ಪಾಲಿಸಬೇಕು, ಅಷ್ಟೇ.

ಇಲ್ಲಿ ಕೇರಳದ ಇಂಜಿನಿಯರುಗಳಿಗೆ ಕೆಲಸವಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡ ಹೃದಯದ ಕವಾಟ 1990ರಲ್ಲಿ ಮೊದಲ ರೋಗಿಯ ಎದೆ ಸೇರಿತು. ಅದೇ ಊರಿನ ಜೆನ್‌ರೋಬೋಟಿಕ್ಸ್ ಕಾಲಿಗೆ ನಡಿಗೆ ಕಲಿಸುವ ಯಂತ್ರ ಮಾಡಿದೆ. ಯಂತ್ರ ಬೇಕು, ದಣಿಯದೆ ನೂರಾರು ಸಲ ಅಭ್ಯಾಸ ಮಾಡಿಸುವುದು ಅದರಿಂದಲೇ ಸಾಧ್ಯ. ಆದರೆ ಕೈಯ 500 ದಿನಗಳಲ್ಲಿ ಹೆಚ್ಚಿನವು ಕಳೆಯುವುದು ಮನೆಯಲ್ಲಿ. ಕಾಸರಗೋಡಿನವರಿಗೂ ಉಡುಪಿಯವರಿಗೂ ಕೊಚ್ಚಿಗೆ ವಾರವಾರ ಹೋಗಿಬರಲಾಗದು. ಮಾಡಬಲ್ಲದ್ದೇ ಬೇರೆ, ನಿಜಕ್ಕೂ ಮಾಡುತ್ತಿರುವುದೇ ಬೇರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2001ರ ವರ್ಗೀಕರಣದಲ್ಲೇ ಗುರುತಿಸಿದೆ. ಎರಡನೆಯದು ಕಾಣುವುದು ಮನೆಯಲ್ಲಿ ಮಾತ್ರ.

ಚಲನೆ ಅಳೆಯುವ ಸಂವೇದಕ ಈಗ ಪ್ರತಿ ಫೋನಿನಲ್ಲೂ ಇದೆ. ಕೊಚ್ಚಿಯ ಕಾಕ್ಕನಾಡ್‌ನ ಇನ್ಫೋಪಾರ್ಕಿನಲ್ಲಿ ತಂತ್ರಾಂಶ ಬರೆಯುವವರಿಗೆ ಕೊರತೆಯಿಲ್ಲ, ಆಸ್ಪತ್ರೆ ಕೆಲವೇ ಕಿಲೋಮೀಟರ್ ಆಚೆ. ಮಣಿಕಟ್ಟಿಗೆ ಒಂದು, ಎದೆಗೆ ಒಂದು ಸಣ್ಣ ಸಂವೇದಕ ಕಟ್ಟಿದರೆ, ಎದ್ದದ್ದು ಕೈಯೋ ವಾಲಿದ್ದು ಮೈಯೋ ತಿಳಿಯುತ್ತದೆ. ಗಾಯಗೊಂಡ ಕೈ ದಿನಕ್ಕೆ ಎಷ್ಟು ಹೊತ್ತು ದುಡಿಯಿತೆಂದೂ ತಿಳಿಯುತ್ತದೆ. ನರ ಬೆಳೆಯುವುದು ಕಣ್ಣಿಗೆ ಕಾಣದು. ಏನೂ ಆಗುತ್ತಿಲ್ಲವೆಂದು ಮೂರನೆಯ ತಿಂಗಳಲ್ಲಿ ವ್ಯಾಯಾಮ ಬಿಡುವವನಿಗೆ, ಕಳೆದ ವಾರಕ್ಕಿಂತ ಎರಡು ಡಿಗ್ರಿ ಮುಂದೆ ಬಂದಿದ್ದೀಯ ಎಂಬ ಮಾತೂ ಔಷಧಿಯೇ.

ಆ ಮಾತು ಅವನ ಭಾಷೆಯಲ್ಲಿರಬೇಕು. ಕೊನೆಗೆ ಕೇಳುವ ಪ್ರಶ್ನೆ ಅವನ ತಟ್ಟೆಯದ್ದಾಗಿರಬೇಕು.