ಆಪ್ಷನ್ಸ್ ಟ್ರೇಡಿಂಗ್: ನಿಯಮ ಬಿಗಿಯಾದರೂ ನಿಲ್ಲದ ನಷ್ಟ

ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ ಶೇ 91ರಷ್ಟು ಮಂದಿ 2024–25ರಲ್ಲಿ ಕೈಸುಟ್ಟುಕೊಂಡಿದ್ದಾರೆ. ಅವರ ಒಟ್ಟು ನಿವ್ವಳ ನಷ್ಟ ₹1.05 ಲಕ್ಷ ಕೋಟಿ ಎನ್ನುತ್ತದೆ ಸೆಬಿ ಅಧ್ಯಯನ.

2024ರ ನವೆಂಬರ್‌ನಿಂದ ಸೂಚ್ಯಂಕ ಕಾಂಟ್ರ್ಯಾಕ್ಟ್‌ನ ಕನಿಷ್ಠ ಮೌಲ್ಯ ₹15 ಲಕ್ಷಕ್ಕೆ ಏರಿದೆ. ವಾರದ ಎಕ್ಸ್‌ಪೈರಿ ಪ್ರತಿ ಎಕ್ಸ್‌ಚೇಂಜ್‌ನಲ್ಲಿ ಒಂದೇ ಸೂಚ್ಯಂಕಕ್ಕೆ ಸೀಮಿತವಾಗಿದೆ. ಆದರೆ ನಷ್ಟದ ವಹಿವಾಟಿನಿಂದ ಯಾವಾಗ ಹೊರಬರಬೇಕೆಂಬುದನ್ನು ಟ್ರೇಡರ್ ತಾನೇ ನಿರ್ಧರಿಸಬೇಕು.

ಕುಸಿದ ಷೇರು ಕಾದರೆ ಚೇತರಿಸಿಕೊಳ್ಳಬಹುದು. ಖರೀದಿಸಿದ ಆಪ್ಷನ್‌ಗೆ ಅಷ್ಟು ಕಾಲಾವಕಾಶವಿಲ್ಲ. ಸೂಚ್ಯಂಕ ಅಲುಗಾಡದಿದ್ದರೂ ದಿನ ಕಳೆದಂತೆ ಪ್ರೀಮಿಯಂ ಕರಗುತ್ತದೆ. ಎಕ್ಸ್‌ಪೈರಿಯಂದು ಸೊನ್ನೆಯೂ ಆಗಬಹುದು. ‘ನಾಳೆ ಏರುತ್ತೆ’ ಎಂದು ಕಾಯುವುದು, ಇಳಿದಾಗ ಇನ್ನಷ್ಟು ಕೊಂಡು ಸರಾಸರಿ ಮಾಡುವುದು ನಷ್ಟವನ್ನು ಹಿಗ್ಗಿಸಬಹುದು. ಕೊಳ್ಳುವ ಮೊದಲೇ ಮಾರುವ ಬೆಲೆ ಗೊತ್ತುಮಾಡಿ, ಸ್ಟಾಪ್‌ಲಾಸ್ ಆರ್ಡರ್ ಹಾಕಿಡುವುದು ಹೊಸಬರು ಮೊದಲು ಕಲಿಯಬೇಕಾದ ಪಾಠ.