ಕೆಡಹುವ ಮುನ್ನ ತೊಲೆಯನ್ನೊಮ್ಮೆ ಪರೀಕ್ಷಿಸಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳೆಯ ಸರ್ಕಾರಿ ಶಾಲೆ, ವಸತಿಗೃಹ, ಕಚೇರಿಗಳಲ್ಲಿ ಮಳೆಗಾಲ ಕಳೆದ ಮೇಲೆ ಕಾಣಸಿಗುವ ದೃಶ್ಯವೊಂದಿದೆ: ತೊಲೆಯ ಅಡಿಭಾಗದ ಕಾಂಕ್ರೀಟು ಚಕ್ಕೆಯಾಗಿ ಉದುರಿ, ತುಕ್ಕು ಹಿಡಿದ ಸರಳುಗಳು ಹೊರಗೆ ಇಣುಕುತ್ತಿರುತ್ತವೆ. ಮುಂದಿನ ಕ್ರಮವೂ ರೂಢಿಯದೇ. ‘ಶಿಥಿಲ’ ಎಂದು ಷರಾ ಬರೆದು, ಕೊಠಡಿಗೆ ಬೀಗ ಹಾಕಿ, ನೆಲಸಮಕ್ಕೆ ಮಂಜೂರಾತಿ ಕೋರಲಾಗುತ್ತದೆ. ಹೊಸ ಕಟ್ಟಡ ಏಳುವವರೆಗೆ ಎರಡು ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಕೂರಬೇಕು.

ಹೀಗೆ ಬೀಗ ಬಿದ್ದ ಕಟ್ಟಡಗಳೆಲ್ಲವೂ ಕೆಡಹಲೇಬೇಕಾದವೇ? 1991ರಲ್ಲಿ ಸ್ವಿಟ್ಜರ್ಲೆಂಡಿನ ಲ್ಯೂಸರ್ನ್ ಬಳಿಯ ಇಬಾಖ್ ಸೇತುವೆಯಲ್ಲಿ ಸಿಗ್ನಲ್ ಕಂಬಕ್ಕಾಗಿ ರಂಧ್ರ ಕೊರೆಯುವಾಗ ಒಳಗಿನ ಬಿಗಿತಂತಿಗಳಿಗೆ ಪೆಟ್ಟಾಯಿತು. ದುರಸ್ತಿಗೆ 175 ಕಿಲೋ ಉಕ್ಕು ಬೇಕಿದ್ದ ಕಡೆ, ಕೇವಲ 6.2 ಕಿಲೋ ತೂಕದ ಇಂಗಾಲನಾರಿನ ಪಟ್ಟಿಗಳನ್ನು ಎಪಾಕ್ಸಿ ಅಂಟಿನಿಂದ ಕೂರಿಸಿ ಸೇತುವೆಯನ್ನು ಉಳಿಸಿಕೊಳ್ಳಲಾಯಿತು. ತತ್ತ್ವ ಸರಳವಾದುದು. ಭಾರ ಬಿದ್ದಾಗ ತೊಲೆಯ ಅಡಿಭಾಗ ಹಿಗ್ಗುತ್ತದೆ. ಕಾಂಕ್ರೀಟು ಒತ್ತಡವನ್ನು ತಾಳುತ್ತದೆಯೇ ಹೊರತು ಎಳೆತವನ್ನಲ್ಲ. ಆ ಎಳೆತವನ್ನು ಒಳಗಿನ ಸರಳಿನ ಜೊತೆಗೆ ಹೊರಗಿನ ಪಟ್ಟಿಯೂ ಹೊರುತ್ತದೆ. ಉಕ್ಕಿನ ಐದನೆಯ ಒಂದು ಭಾಗದಷ್ಟೇ ಸಾಂದ್ರತೆಯ ಈ ಪಟ್ಟಿಗೆ ತುಕ್ಕಿನ ಭಯವಿಲ್ಲ. 2002ರಲ್ಲಿಯೇ ಅಮೆರಿಕದ ಕಾಂಕ್ರೀಟ್ ಸಂಸ್ಥೆ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ.

ಆದರೆ ಇದು ಸರ್ವರೋಗಕ್ಕೂ ಮದ್ದಲ್ಲ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದಲೇ ಕಾಂಕ್ರೀಟು ಸಿಡಿಯುತ್ತದೆ. ಅದನ್ನು ಶುಚಿಗೊಳಿಸದೆ, ತಾರಸಿಯ ಸೋರಿಕೆ ನಿಲ್ಲಿಸದೆ ಮೇಲೆ ಪಟ್ಟಿ ಅಂಟಿಸಿದರೆ ಹುಳುಕು ಹಲ್ಲಿಗೆ ಚಿನ್ನದ ಕವಚ ತೊಡಿಸಿದಂತೆ. ಕೊಡಗಿಗೆ ತಾಗಿದ, ಮಳೆ ಹೆಚ್ಚಿರುವ ಅರಕಲಗೂಡಿನ ಪಶ್ಚಿಮ ಭಾಗದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಬೆಂಕಿಯ ಕಾವಿಗೆ ಎಪಾಕ್ಸಿ ಬೇಗ ಮೆತ್ತಗಾಗುತ್ತದೆ; ಪಟ್ಟಿ ಕಳಚುವಾಗ ಮುನ್ಸೂಚನೆ ಕೊಡದೆ ಒಮ್ಮೆಲೇ ಕಳಚುತ್ತದೆ. ಆದ್ದರಿಂದ ಪಟ್ಟಿಯಿಲ್ಲದೆಯೂ ಮೂಲ ತೊಲೆ ಕುಸಿಯದೆ ನಿಲ್ಲುವಂತಿರಬೇಕು. ಕಾಂಕ್ರೀಟೇ ಪುಡಿಯಾಗುವಂತಿದ್ದರೆ ಯಾವ ಅಂಟೂ ಹಿಡಿಯದು. ಅಂಥದನ್ನು ಕೆಡಹುವುದೇ ಸರಿ.

ತೊಡಕು ತಂತ್ರಜ್ಞಾನಕ್ಕಿಂತ ಲೆಕ್ಕಶೀರ್ಷಿಕೆಯಲ್ಲಿದೆ. ದುರಸ್ತಿ ರಾಜಸ್ವ ವೆಚ್ಚ. ಹೊಸ ಕಟ್ಟಡ ಬಂಡವಾಳ ವೆಚ್ಚ. ಹಣ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ನಿರ್ವಹಣೆಗೆ. (ದುರಸ್ತಿಯಾದ ತೊಲೆಗೆ ಶಿಲಾಫಲಕ ಹಾಕಿಸಿದವರನ್ನು ನಾನಂತೂ ಕಂಡಿಲ್ಲ.) ಅರ್ಥಶಾಸ್ತ್ರದ ಲೆಕ್ಕ ಬೇರೆಯೇ ಹೇಳುತ್ತದೆ. ಬೆಲೆಯೇರಿಕೆ ಕಳೆದು ಬಡ್ಡಿದರ ಶೇ 5 ಎಂದಿಟ್ಟುಕೊಂಡರೆ, ಇಂದು 100 ರೂಪಾಯಿ ತಗಲುವ ಕಟ್ಟಡವನ್ನು 15 ವರ್ಷ ಮುಂದೂಡಿದಾಗ ಅದರ ಇಂದಿನ ಹೊರೆ ಸುಮಾರು 48 ರೂಪಾಯಿ. ಎಂದರೆ 52 ರೂಪಾಯಿಗಿಂತ ಕಡಿಮೆ ವೆಚ್ಚದಲ್ಲಿ 15 ವರ್ಷದ ಆಯುಸ್ಸು ಕೂಡಿಸುವ ಯಾವುದೇ ದುರಸ್ತಿ ಲಾಭದಾಯಕ. ಮಕ್ಕಳ ಕಲಿಕೆಗೆ ತಪ್ಪುವ ನಷ್ಟ ಇದರಲ್ಲಿ ಸೇರಿಲ್ಲ.

ಬೆಂಗಳೂರಿನ ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳು ಕೆಟ್ಟು 2021ರ ಡಿಸೆಂಬರಿನಲ್ಲಿ ಸಂಚಾರ ನಿಂತಾಗ ಯಾರೂ ಅದನ್ನು ಕೆಡಹಲು ಹೊರಡಲಿಲ್ಲ. ತಜ್ಞರು ಬಂದರು, ಭಾರ ಪರೀಕ್ಷೆ ನಡೆಯಿತು, ಹೊಸ ಕೇಬಲ್ ಹಾಕಲಾಯಿತು. ಹಳ್ಳಿಯ ಶಾಲೆಗೆ ಮಾತ್ರ ಬೀಗವೇ ಗತಿ ಎಂಬುದು ಯಾವ ನ್ಯಾಯ? ಹಾಸನದಲ್ಲಿ 1960ರಿಂದಲೂ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇದೆ. ಸುತ್ತಿಗೆ ಪರೀಕ್ಷೆ, ಶ್ರವಣಾತೀತ ತರಂಗದ ಪರೀಕ್ಷೆಗಳಿಗೆ ಕಟ್ಟಡ ಒಡೆಯಬೇಕಿಲ್ಲ. ಇಂಥ ಸಂಸ್ಥೆಯ ವರದಿಯಿಲ್ಲದೆ ಯಾವ ಕಾಂಕ್ರೀಟು ಕಟ್ಟಡದ ನೆಲಸಮಕ್ಕೂ ಜಿಲ್ಲಾ ಪಂಚಾಯತ್ ಅನುಮತಿ ನೀಡಬಾರದು. ಪಟ್ಟಿ ಅಂಟಿಸುವ ಕೆಲಸವನ್ನು ಕನಿಷ್ಠ ದರದ ಟೆಂಡರಿಗೆ ಬಿಡದೆ, ಅನುಭವದ ಅರ್ಹತೆ ವಿಧಿಸಿ, ಅಂಟಿನ ಹಿಡಿತವನ್ನು ಎಳೆದು ಪರೀಕ್ಷಿಸಿದ ಬಳಿಕವೇ ಬಿಲ್ಲು ಪಾವತಿಸಬೇಕು. ಮುಂದಿನ ಜೂನ್ ಮಳೆಗೆ ಮುನ್ನ ನಾಲ್ಕೂ ತಾಲ್ಲೂಕುಗಳ ಬೀಗ ಬಿದ್ದ ಕೊಠಡಿಗಳ ಪಟ್ಟಿಯನ್ನಾದರೂ ಜಿಲ್ಲಾಡಳಿತ ಪ್ರಕಟಿಸಲಿ.