ಕಂಡದ್ದು ನಿಜ, ತೀರ್ಮಾನ?

ನವೆಂಬರ್ ಬಂತೆಂದರೆ ಸಕಲೇಶಪುರ, ಆಲೂರು ಭಾಗದ ಕಾಫಿ ತೋಟಗಳ ಲೈನ್ ಮನೆಗಳು ತುಂಬತೊಡಗುತ್ತವೆ. ಊರಿನಲ್ಲಿ ಸಾಕಷ್ಟು ಆಳುಗಳು ಸಿಗದ ಕಾರಣ ಅಸ್ಸಾಂ ಕಡೆಯವರು ಕೊಯ್ಲಿಗೆ ಬರುವುದು ಈಗ ರೂಢಿ. ಅವರ ಬೆನ್ನಿಗೇ ಎರಡು ಮಾತುಗಳೂ ಹರಡುತ್ತವೆ: ‘ಬಂಗಾಳಿ ಮಾತಾಡ್ತಾರೆ, ಬಾಂಗ್ಲಾದವರೇ ಇರಬೇಕು’; ‘ಹೇಳದೆ ಕೇಳದೆ ಹೊರಟುಬಿಡ್ತಾರೆ, ನಂಬೋಕಾಗಲ್ಲ’. ಬಂಗಾಳಿ ಕಿವಿಗೆ ಬಿದ್ದದ್ದೂ ಸುಳ್ಳಲ್ಲ, ಕೆಲವರು ಹೊರಟುಹೋದದ್ದೂ ಸುಳ್ಳಲ್ಲ. ಅದರಿಂದ ತೆಗೆದ ತೀರ್ಮಾನ ಸರಿಯೇ ಎಂಬುದು ಬೇರೆ ಪ್ರಶ್ನೆ.

ಮೊದಲು ಭಾಷೆಯ ವಿಚಾರ. ಅಸ್ಸಾಮಿನಲ್ಲಿ ಎಲ್ಲರ ಮನೆಮಾತು ಅಸ್ಸಾಮಿ ಅಲ್ಲ. ರಾಜ್ಯದ ದಕ್ಷಿಣಕ್ಕಿರುವ ಬರಾಕ್ ಕಣಿವೆಯಲ್ಲಿ ಬಂಗಾಳಿಗರೇ ಹೆಚ್ಚು. 1961ರ ಮೇ 19ರಂದು ಅಲ್ಲಿನ ಸಿಲ್ಚಾರ್‌ನಲ್ಲಿ ಬಂಗಾಳಿಯ ಸ್ಥಾನಮಾನಕ್ಕಾಗಿ ಚಳವಳಿ ಹೂಡಿದ್ದ 11 ಮಂದಿ ಪೊಲೀಸರ ಗುಂಡಿಗೆ ಬಲಿಯಾದರು. ಬಳಿಕ ಆ ಕಣಿವೆಯಲ್ಲಿ ಬಂಗಾಳಿ ಅಧಿಕೃತ ಭಾಷೆಯಾಯಿತು. ಬಾಂಗ್ಲಾದೇಶ ಹುಟ್ಟಿದ್ದು ಅದಾಗಿ ಹತ್ತು ವರ್ಷಕ್ಕೆ, 1971ರಲ್ಲಿ. ಕಾಸರಗೋಡಿನವರು ಕನ್ನಡ ಮಾತಾಡಿದಷ್ಟೇ ಸಹಜವಾಗಿ ಅಸ್ಸಾಮಿನವರು ಬಂಗಾಳಿ ಮಾತಾಡಬಹುದು. ಭಾಷೆಯಿಂದ ಪೌರತ್ವ ತಿಳಿಯುವುದಿಲ್ಲ.

ಇನ್ನು ಹೊರಟುಹೋಗುವ ವಿಚಾರ. ಕೊಯ್ಲಿನ ಕೂಲಿ ಹೆಚ್ಚಾಗಿ ಕೆ.ಜಿ. ಲೆಕ್ಕದ್ದು. ಸಂಜೆ ಹಣ್ಣಿನ ಚೀಲ ತೂಕಕ್ಕೆ ಬರುತ್ತದೆ, ರೈಟರು ಹೆಸರಿನ ಮುಂದೆ ಅಂಕಿ ಬರೆದುಕೊಳ್ಳುತ್ತಾರೆ. ಆ ಅಂಕಿಯೇ ಆ ದಿನದ ಸಂಪಾದನೆ. ಗಿಡದ ತುಂಬ ಹಣ್ಣಿದ್ದಾಗ ಚೀಲ ಬೇಗ ತುಂಬುತ್ತದೆ. ಆದರೆ ಅರೇಬಿಕಾ ಒಂದೇ ಸಲಕ್ಕೆ ಹಣ್ಣಾಗುವುದಿಲ್ಲ, ಸುತ್ತು ಸುತ್ತಾಗಿ ಕೊಯ್ಯಬೇಕು. ಕೊನೆಯ ಸುತ್ತಿನಲ್ಲಿ ಕೊಂಬೆಗೆ ಅಲ್ಲೊಂದು ಇಲ್ಲೊಂದು ಹಣ್ಣು. ಇಡೀ ದಿನ ದುಡಿದರೂ ತೂಕ ಬಾರದು. ಅಷ್ಟರಲ್ಲಿ ಇನ್ನೊಂದು ತೋಟದಲ್ಲಿ ರೊಬಸ್ಟಾ ಕೊಯ್ಲು ಶುರುವಾಗಿರುತ್ತದೆ. ಆಳುಗಳು ಅತ್ತ ನಡೆಯುತ್ತಾರೆ. ಉಳಿದ ಹಣ್ಣು ಗಿಡದಲ್ಲೇ ಒಣಗಿ ಉದುರಿದರೆ ತೋಟದವರಿಗೆ ನಷ್ಟವೇ. ಮುಂಗಡ ತೀರಿಸದೆ ಹೋದವರ ಮೇಲಿನ ಸಿಟ್ಟೂ ನ್ಯಾಯವೇ. ಉಳಿದವರನ್ನು ಹೊರಡಿಸುವುದು ಮಾತ್ರ ಬಹುಮಟ್ಟಿಗೆ ಕೂಲಿಯ ಲೆಕ್ಕ.

ಆ ಲೆಕ್ಕ ನಮಗೆ ಹೊಳೆಯದೆ ಸ್ವಭಾವವೇ ಏಕೆ ಹೊಳೆಯುತ್ತದೆ? 1967ರಲ್ಲಿ ಅಮೆರಿಕದ ಜೋನ್ಸ್ ಮತ್ತು ಹ್ಯಾರಿಸ್ ಎಂಬ ಮನಶ್ಶಾಸ್ತ್ರಜ್ಞರು ಕ್ಯೂಬಾದ ಕ್ಯಾಸ್ಟ್ರೊ ಪರ ಮತ್ತು ವಿರುದ್ಧದ ಪ್ರಬಂಧಗಳನ್ನು ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ಬರೆದವರಿಗೆ ಪಕ್ಷ ಆರಿಸಿಕೊಳ್ಳುವ ಅವಕಾಶವಿರಲಿಲ್ಲ ಎಂದು ತಿಳಿಸಿದಾಗಲೂ, ಓದಿದವರು ಅದು ಬರೆದವರ ಸ್ವಂತ ಅಭಿಪ್ರಾಯವೆಂಬ ಕಡೆಗೇ ವಾಲಿದರು. 1977ರಲ್ಲಿ ಲೀ ರಾಸ್ ಈ ಒಲವಿಗೆ ‘ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್’ ಎಂದು ಹೆಸರಿಟ್ಟರು. ಸರಳವಾಗಿ ಹೇಳುವುದಾದರೆ, ಸಂದರ್ಭ ಮಾಡಿಸಿದ್ದನ್ನು ಸ್ವಭಾವದ ತಲೆಗೆ ಕಟ್ಟುವುದು. ಮನುಷ್ಯ ಕಣ್ಣೆದುರಿಗೆ ಇರುತ್ತಾನೆ. ಅವನ ಸಂದರ್ಭ ಕಾಣುವುದಿಲ್ಲ. ಕಾಣುವುದರ ಮೇಲೆ ಹೊಣೆ ಹೊರಿಸುವುದು ಮನಸ್ಸಿಗೆ ಸುಲಭ.

ಹಾಗೆಂದು ಎಲ್ಲವನ್ನೂ ಕಣ್ಣು ಮುಚ್ಚಿ ನಂಬಬೇಕಿಲ್ಲ. ಕೆಲಸಕ್ಕೆ ಬಂದವರ ಗುರುತಿನ ದಾಖಲೆಯ ಪ್ರತಿ ಪಡೆದಿಟ್ಟುಕೊಳ್ಳುವುದು ಇಬ್ಬರಿಗೂ ಕ್ಷೇಮ. ಅನುಮಾನ ಉಳಿದರೆ ಪರಿಶೀಲಿಸಲು ಪೊಲೀಸರಿದ್ದಾರೆ. ಕೊನೆಯ ಸುತ್ತಿಗೆ ದಿನಗೂಲಿ ಎಂದು ಮೊದಲೇ ಮಾತಾಡಿಕೊಂಡರೆ ಹೊರಟುಹೋಗುವವರೂ ಕಡಿಮೆಯಾದಾರು. ದಾಖಲೆ ನೋಡಿ ಪಡುವ ಅನುಮಾನಕ್ಕೆ ಆಧಾರವಿದೆ. ಭಾಷೆ ಕೇಳಿದೊಡನೆ ಪಡುವುದಕ್ಕೆ ಇಲ್ಲ.